ಅಮ್ಮ, ದಾಕು, ಸ್ಲಾಟು: ರಾಮನಗರ ಸೀಮೆಯಿಂದ ಲಸಿಕೆಯ ಚರಿತ್ರೆಯನ್ನು ಓದುವ ಬಗೆ

ರೋಗವೊಂದರ ಚರಿತ್ರೆಯನ್ನು ಬರೆಯಹೊರಟವರಿಗೆ ಭಾಷೆಯೇ ಮೊದಲ ದಾಖಲೆ. ಭೂಮಿಯ ಮೇಲೆ ಈಗ ಇಲ್ಲವಾಗಿರುವ ಒಂದು ರೋಗಕ್ಕೆ ಕನ್ನಡದಲ್ಲಿ ಇನ್ನೂ ಹಲವು ಹೆಸರುಗಳು ಉಳಿದಿವೆ. ಸಂಸ್ಕೃತ ವೈದ್ಯಗ್ರಂಥಗಳ ಮಸೂರಿಕೆ, ಪುಸ್ತಕ ಭಾಷೆಯ ಸಿಡುಬು, ಆಡುಮಾತಿನ ಮೈಲಿ ಬೇನೆ ಇವೆಲ್ಲ ರೋಗದ ಹೆಸರುಗಳು. ‘ಅಮ್ಮ’ ಎಂಬುದು ಮಾತ್ರ ರೋಗದ ಹೆಸರಾಗಿರದೆ ಬಂದವಳ ಹೆಸರಾಗಿದೆ. ಮಗುವಿಗೆ ರೋಗ ತಗುಲಿತೆಂದು ಯಾರೂ ಹೇಳುತ್ತಿರಲಿಲ್ಲ. ಮನೆಗೆ ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಲಸಿಕೆಗೂ ಹೀಗೆಯೇ ಬೇರೆ ಬೇರೆ ಹೆಸರುಗಳಿದ್ದವು. ಹಳೆಯ ಮೈಸೂರು ಸೀಮೆಯ ಹಿರಿಯರು ‘ದಾಕು ಹಾಕಿಸುವುದು’ ಎಂದರೆ, ಉತ್ತರ ಕರ್ನಾಟಕದಲ್ಲಿ ‘ದೇವಿ ಹಾಕುವುದು’ ಎಂಬ ಮಾತು ಬಳಕೆಯಲ್ಲಿತ್ತು. ರೋಗಕ್ಕೂ ಅದನ್ನು ತಡೆಯುವ ಉಪಾಯಕ್ಕೂ ದೇವಿಯ ಹೆಸರೊಂದನ್ನೇ ಇಟ್ಟ ಈ ನುಡಿಗಟ್ಟು ಸಾಮಾನ್ಯವಾದುದಲ್ಲ. 2021ರಲ್ಲಿ ಈ ಪದಾವಳಿಗೆ ‘ಸ್ಲಾಟು’ ಎಂಬ ಇನ್ನೊಂದು ಮಾತು ಸೇರಿತು. ಅಮ್ಮನೆಂಬುದು ದೈವದೊಡನೆ, ದಾಕೆಂಬುದು ಸರಕಾರದೊಡನೆ, ಸ್ಲಾಟೆಂಬುದು ಯಂತ್ರ ಮತ್ತು ಮಾರುಕಟ್ಟೆಗಳೊಡನೆ ಜನರಿಗಿದ್ದ ಸಂಬಂಧವನ್ನು ಸೂಚಿಸುತ್ತವೆ.

ಈ ಲೇಖನದ ನೆಲೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳ ಸೀಮೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದ ಈ ಪ್ರದೇಶಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರಾಯಿತು. ರಾಜಧಾನಿಯ ಮಗ್ಗುಲಲ್ಲೇ ಇದ್ದೂ ರಾಜಧಾನಿಯಾಗದ ನೆಲವಿದು. ಹೆದ್ದಾರಿ ಮತ್ತು ರೈಲುಹಾದಿಯ ಮೇಲಿರುವ ರಾಮನಗರ, ಚನ್ನಪಟ್ಟಣಗಳು ಒಂದು ಕಡೆಗಿದ್ದರೆ, ಬೆಟ್ಟ ಮತ್ತು ಕಾಡಂಚಿನ ಹಳ್ಳಿಗಳನ್ನು ಒಳಗೊಂಡ ಕನಕಪುರ, ಮಾಗಡಿಗಳು ಇನ್ನೊಂದು ಕಡೆಗಿವೆ. ರೋಗ ಯಾವ ದಾರಿಯಲ್ಲಿ ಬಂದಿತು, ಔಷಧ ಯಾವ ದಾರಿಯಲ್ಲಿ ಹೋಯಿತು ಎಂದು ಕೇಳುವುದಕ್ಕೆ ಇಂತಹ ಸೀಮೆ ತಕ್ಕ ಸ್ಥಳ.

ಲಸಿಕೆಯ ಬಗೆಗಿನ ಚರ್ಚೆಗಳಲ್ಲಿ ಜನರ ವಿರೋಧ ಒಂದು ಅಧ್ಯಾಯವಾಗಿಯೂ ಲಭ್ಯತೆಯ ಅಸಮಾನತೆ ಮತ್ತೊಂದು ಅಧ್ಯಾಯವಾಗಿಯೂ ಬರುವುದು ವಾಡಿಕೆ. ಮೊದಲನೆಯದಕ್ಕೆ ಅಜ್ಞಾನವನ್ನೂ ಎರಡನೆಯದಕ್ಕೆ ಬಡತನವನ್ನೂ ಕಾರಣವಾಗಿ ಕೊಟ್ಟು ಮುಗಿಸಲಾಗುತ್ತದೆ. ಇನ್ನೂರು ವರ್ಷಗಳ ಚರಿತ್ರೆಯನ್ನು ನೋಡಿದರೆ ಇವೆರಡೂ ಹೀಗೆ ಬಿಡಿಬಿಡಿಯಾಗಿಲ್ಲ. ಯಾರಿಗೆ ಲಸಿಕೆ ಕೊನೆಗೆ ತಲುಪಿತೋ, ಯಾರ ಬಳಿಗೆ ಅದು ಬಲವಂತದೊಡನೆ ಬಂದಿತೋ, ಅವರನ್ನೇ ದಾಖಲೆಗಳು ‘ವಿರೋಧಿಗಳು’ ಎಂದು ಹೆಸರಿಸಿದ ಪ್ರಸಂಗಗಳು ಮತ್ತೆ ಮತ್ತೆ ಎದುರಾಗುತ್ತವೆ.

ಅರಮನೆಯ ತೋಳು, ಅನಾಮಿಕರ ತೋಳು

ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋಸಿಡುಬಿನ ಪ್ರಯೋಗ ನಡೆಸಿ 1798ರಲ್ಲಿ ಅದನ್ನು ಪ್ರಕಟಿಸಿದ. ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಸಾಗಿಬಂದ ಲಸಿಕೆಯ ದ್ರವ 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಹತ್ತಿಕೊಂಡಿತು. ಭಾರತದಲ್ಲಿ ಲಸಿಕೆಯ ಚರಿತ್ರೆ ಆ ತೋಳಿನಿಂದ ಆರಂಭವಾಗುತ್ತದೆ. ಶೈತ್ಯಾಗಾರಗಳಿಲ್ಲದ ಆ ಕಾಲದಲ್ಲಿ ದ್ರವವನ್ನು ಬಿಸಿಲಿನಲ್ಲಿ ಕೆಡದಂತೆ ಸಾಗಿಸಲು ಇದ್ದ ನಂಬಿಕೆಯ ಮಾರ್ಗ ಮನುಷ್ಯದೇಹವೊಂದೇ. ಒಂದು ಮಗುವಿಗೆ ಲಸಿಕೆ ಹಾಕಿ, ಎಂಟು ದಿನಗಳಷ್ಟರಲ್ಲಿ ಎದ್ದ ಬೊಬ್ಬೆಯಿಂದ ಕೀವನ್ನು ತೆಗೆದು ಮುಂದಿನ ಮಗುವಿಗೆ ಹಾಕುವುದು. ಹೀಗೆ ತೋಳಿನಿಂದ ತೋಳಿಗೆ ದಾಟಿಸುತ್ತ ಊರಿನಿಂದ ಊರಿಗೆ ಒಯ್ಯುವುದು. ಮುಂಬಯಿಯಿಂದ ಪುಣೆ, ಹೈದರಾಬಾದು, ಮದ್ರಾಸುಗಳ ಕಡೆಗೆ ಲಸಿಕೆ ಕೆಲವೇ ತಿಂಗಳುಗಳಲ್ಲಿ ಹರಡಿದ್ದು ಈ ರೀತಿಯಲ್ಲಿ.

ಮೈಸೂರಿನಲ್ಲಿ ಅದಕ್ಕೆ ದೊರೆತ ಆಶ್ರಯ ಗಮನಾರ್ಹವಾದುದು. 1799ರಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕವಾಗಿ, ದಿವಾನ್ ಪೂರ್ಣಯ್ಯನವರ ಕೈಯಲ್ಲಿ ಆಡಳಿತವಿದ್ದ ಕಾಲವದು. ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ ಸುಮಾರು 1805ರಲ್ಲಿ ಬರೆದ ಮೂವರು ರಾಜಸ್ತ್ರೀಯರ ತೈಲಚಿತ್ರವೊಂದು ಬಹುಕಾಲ ಬೇರೆ ವಿವರಣೆಯೊಡನೆ ಉಳಿದಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದದಂತೆ ಆ ಸ್ತ್ರೀಯರು ಮೈಸೂರು ಅರಮನೆಗೆ ಸೇರಿದವರು. ಬಲಭಾಗದಲ್ಲಿರುವ ಕಿರಿಯ ರಾಣಿ ದೇವಾಜಮ್ಮಣ್ಣಿ ಸೀರೆಯನ್ನು ಸರಿಸಿ ತೋಳಿನಲ್ಲಿ ಲಸಿಕೆ ಹಾಕಿದ ಜಾಗವನ್ನು ತೋರುತ್ತಿದ್ದಾಳೆ. ಎಡಭಾಗದಲ್ಲಿರುವ ರಾಣಿಯ ಮೂಗು ಮತ್ತು ಬಾಯಿಯ ಸುತ್ತಲಿನ ಬಣ್ಣಗೆಟ್ಟ ಚರ್ಮ ಹಳೆಯ ಪದ್ಧತಿಯ ಗುರುತು. ಸಿಡುಬಿನ ಹುಣ್ಣಿನ ಒಣಪುಡಿಯನ್ನು ಮೂಗಿಗೆ ಊದಿ ಲಘುವಾಗಿ ರೋಗ ಬರಿಸುವ ಕ್ರಮವದು. ನಡುವೆ ನಿಂತಿರುವವರು ರಾಜಮಾತೆ ಲಕ್ಷ್ಮಮ್ಮಣ್ಣಿ. ರಾಣಿಗೆ ಲಸಿಕೆ ಹಾಕಿದ್ದರಿಂದ ಜನರ ಮೇಲೆ ಒಳ್ಳೆಯ ಪರಿಣಾಮವಾಯಿತೆಂದು 1806ರ ದಾಖಲೆಯೊಂದು ಹೇಳುವುದನ್ನು ಚಾನ್ಸೆಲರ್ ಈ ವಾದಕ್ಕೆ ಆಧಾರವಾಗಿ ಕೊಡುತ್ತಾರೆ.

ಈ ಚಿತ್ರವನ್ನು ಲಸಿಕೆಯ ಪ್ರಚಾರದ ಮೊದಲ ಮಾದರಿಗಳಲ್ಲಿ ಒಂದೆಂದು ಕೊಂಡಾಡುವುದು ಸರಿಯೇ. ಹಳೆಯ ಪದ್ಧತಿಯನ್ನೂ ಹೊಸ ಪದ್ಧತಿಯನ್ನೂ ಒಂದೇ ಚೌಕಟ್ಟಿನಲ್ಲಿ ಅಕ್ಕಪಕ್ಕ ನಿಲ್ಲಿಸಿ, ನಡುವೆ ಹಿರಿಯಳೊಬ್ಬಳ ಒಪ್ಪಿಗೆಯನ್ನು ಇರಿಸಿರುವುದು ಆ ಚಿತ್ರದ ವಿಶೇಷ. ಆದರೆ ರಾಣಿಯ ತೋಳು ಚಿತ್ರಪಟಕ್ಕೆ ಏರಿದ ಹೊತ್ತಿಗೆ, ಆ ದ್ರವವನ್ನು ಮೈಯಲ್ಲಿ ಹೊತ್ತು ತಂದ ಮಕ್ಕಳು ಕೇವಲ ಸಂಖ್ಯೆಯಾಗಿ ಉಳಿದರು. ಮದ್ರಾಸು ಮೊದಲಾದ ಕಡೆಗಳಲ್ಲಿ ಈ ಸರಪಳಿಯ ಕೊಂಡಿಗಳಾದವರು ಬಹುಮಟ್ಟಿಗೆ ಬಡವರ, ಕೆಳಜಾತಿಯವರ, ಅನಾಥಾಲಯಗಳ ಮಕ್ಕಳು. ಬೊಬ್ಬೆಯನ್ನು ಒಡೆಯಿಸಿಕೊಳ್ಳುವ ನೋವು ಅವರದು. ಅದಕ್ಕೆ ಪ್ರತಿಯಾಗಿ ಒಂದಿಷ್ಟು ಕಾಸು. ಆ ತೋಳಿನ ಕೀವು ನಮ್ಮ ಮಕ್ಕಳ ಮೈ ಸೇರುವುದೇ ಎಂದು ಮೇಲುಜಾತಿಗಳವರು ಹಿಂಜರಿದದ್ದು ಆರಂಭಕಾಲದ ಲಸಿಕಾವಿರೋಧದ ಒಂದು ಮುಖ್ಯ ಮುಖ. ಎಂದರೆ ಲಸಿಕೆಯನ್ನು ಮೊದಲು ಬೇಡವೆಂದವರಲ್ಲಿ ವಿದ್ಯಾವಂತರೂ ಸ್ಥಿತಿವಂತರೂ ಇದ್ದರು. ಅವರ ನಿರಾಕರಣೆಗೆ ಮಡಿ ಎಂಬ ಗೌರವದ ಹೆಸರು ಸಿಕ್ಕಿತು. ಮುಂದೆ ಹಳ್ಳಿಗರ ನಿರಾಕರಣೆಗೆ ಮೌಢ್ಯವೆಂಬ ಹೆಸರು ಬಂದಿತು.

ಇದೇ ಪೂರ್ಣಯ್ಯನವರ ಕಾಲದಲ್ಲಿ ಬೆಂಗಳೂರು–ಶ್ರೀರಂಗಪಟ್ಟಣ ಮಾರ್ಗದ ಮೇಲೆ, ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆ ಬೆಳೆಯಿತು. ಸ್ವಾತಂತ್ರ್ಯಾನಂತರ ಅದು ರಾಮನಗರವಾಯಿತು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಬೆಳೆ, ಕುಲಕಸುಬುಗಳ ಜೊತೆಗೆ ರಾಮಗಿರಿಯ ಸುತ್ತಲ ಕಾಡು ಇರುಳಿಗರನ್ನೂ ಕುರಿತು ಬರೆದಿದ್ದಾನೆ. ಪೇಟೆ ಮತ್ತು ಕಾಡು ಎಂಬ ಈ ಎರಡು ಲೋಕಗಳ ನಡುವಣ ದೂರ ಕೆಲವು ಹರದಾರಿಗಳದ್ದಷ್ಟೇ. ಲಸಿಕೆಯ ಚರಿತ್ರೆಯಲ್ಲಿ ಆ ದೂರ ಶತಮಾನಗಳಷ್ಟಾಯಿತು.

ಕಾಮಧೇನುವಿನ ಕೆಚ್ಚಲು: ಒಂದು ಸಾಹಿತ್ಯಕ ಉಪಾಯ

ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಲೇಬೇಕಾದ ಪ್ರಸಂಗವೊಂದಿದೆ. ಲಸಿಕೆ ಗೋವಿನಿಂದ ಬಂದದ್ದರಿಂದ ಹಿಂದೂಗಳು ಅದನ್ನು ಸಂತೋಷದಿಂದ ಒಪ್ಪುವರೆಂದು ಕಂಪನಿಯ ಅಧಿಕಾರಿಗಳು ಎಣಿಸಿದರು. ಎಣಿಕೆ ತಪ್ಪಿತು. ಗೋವು ಪೂಜ್ಯವಾದುದರಿಂದಲೇ ಅದರ ಹುಣ್ಣಿನ ಕೀವನ್ನು ರಕ್ತಕ್ಕೆ ಸೇರಿಸುವುದು ಹಲವರಿಗೆ ಅಸಹ್ಯವಾಗಿ ಕಂಡಿತು. ಆಗ ಕೆಲವರು ಕಾವ್ಯದ ಮೊರೆಹೊಕ್ಕರು. ದ್ರಾವಿಡ ಭಾಷೆಗಳ ಬಾಂಧವ್ಯವನ್ನು ಮೊದಲು ನಿರೂಪಿಸಿದವನೆಂದು ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಬಲ್ಲ ಮದ್ರಾಸಿನ ಎಫ್. ಡಬ್ಲ್ಯೂ. ಎಲ್ಲಿಸ್, ಧನ್ವಂತರಿ ಮತ್ತು ದೇವಿಯರ ಸಂಬಂಧ ಕಲ್ಪಿಸಿ, ಗೋವಿನ ಕೆಚ್ಚಲಿನಿಂದ ಸಿಡುಬಿಗೆ ಮದ್ದು ಹುಟ್ಟಿದ ಕಥೆಯೊಂದನ್ನು ಪುರಾಣದ ಧಾಟಿಯಲ್ಲಿ ರಚಿಸಿದ. 1819ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ, ಲಸಿಕೆಯ ವಿಧಾನ ಪ್ರಾಚೀನ ಸಂಸ್ಕೃತ ಗ್ರಂಥದಲ್ಲೇ ಇದೆಯೆಂದು ಹೇಳುವ ಪತ್ರವೂ ಪ್ರಕಟವಾಯಿತು. ಆ ಉಲ್ಲೇಖ ಮುಂದಿನ ನೂರೈವತ್ತು ವರ್ಷಗಳಲ್ಲಿ ಯೂರೋಪಿನ ವೈದ್ಯಚರಿತ್ರೆಗಳಲ್ಲಿಯೂ ನಮ್ಮ ದೇಶಾಭಿಮಾನದ ಭಾಷಣಗಳಲ್ಲಿಯೂ ಮರುಕಳಿಸುತ್ತ ಹೋಯಿತು. ಡೊಮಿನಿಕ್ ವುಯಾಸ್ಟಿಕ್ ಅವರು 1987ರ ತಮ್ಮ ಪ್ರಬಂಧದಲ್ಲಿ ಇದನ್ನು ಶೋಧಿಸಿ, ಸದುದ್ದೇಶದ ಕೃತ್ರಿಮವೆಂದು ತೋರಿಸಿದ್ದಾರೆ.

ಜೆನ್ನರನಿಗಿಂತ ಮೊದಲು ನಮ್ಮಲ್ಲಿದ್ದದ್ದು ಮನುಷ್ಯರ ಸಿಡುಬಿನ ಕೀವನ್ನೇ ಬಳಸುವ ಹಳೆಯ ಪದ್ಧತಿ. ಬಂಗಾಳ, ಒಡಿಶಾಗಳಲ್ಲಿ ಅದನ್ನು ಕಸುಬಾಗಿ ಮಾಡುವವರಿದ್ದರು. ಅದು ನಿಜವಾದ ಸಾಧನೆಯೇ, ಅದಕ್ಕೆ ಕೃತ್ರಿಮ ಶ್ಲೋಕದ ಆಸರೆ ಬೇಕಿಲ್ಲ. ಈ ಪ್ರಸಂಗ ಇನ್ನೊಂದು ಕಾರಣಕ್ಕೂ ಮುಖ್ಯ. ಜನರನ್ನು ಒಪ್ಪಿಸಲು ಅಧಿಕಾರ ಹೆಣೆದ ಕಟ್ಟುಕಥೆ, ಮುಂದೆ ಜನರೇ ಹೆಣೆದ ವದಂತಿಗಳಿಗಿಂತ ಸ್ವಭಾವದಲ್ಲಿ ಬಹಳ ಬೇರೆಯಲ್ಲ. ಎರಡರಲ್ಲೂ ಇರುವುದು ವಿಶ್ವಾಸದ ಕೊರತೆಯನ್ನು ಕಥೆಯಿಂದ ತುಂಬುವ ಯತ್ನ.

ಕನ್ನಡದಲ್ಲಿ ವೈದ್ಯವನ್ನು ದೇಶಭಾಷೆಗೆ ತಂದ ಪರಂಪರೆ ಹಳೆಯದು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ ಇದಕ್ಕೆ ನಿದರ್ಶನ. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಚಿಕಿತ್ಸೆಯನ್ನು ರೂಪಿಸಿದ ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕದ ಹಾದಿಯಲ್ಲಿ ಬಂದ ಸೋಮನಾಥ, ಔಷಧದ ಮೂಲದ್ರವ್ಯ ಯಾವುದೆಂದು ರೋಗಿ ಕೇಳುವ ಪ್ರಶ್ನೆಯನ್ನು ಗೌರವಿಸಿದ ವೈದ್ಯಪರಂಪರೆಗೆ ಸೇರಿದವನು. ಕರುವಿನ ಮೈಯಲ್ಲಿ ಬೆಳೆಸಿದ ದ್ರವವನ್ನು ಕುರಿತು ಹತ್ತೊಂಬತ್ತನೆಯ ಶತಮಾನದ ಜನ ಪ್ರಶ್ನೆ ಎತ್ತಿದಾಗ, ಉತ್ತರ ಹೇಳುವ ಹೊಣೆ ತನಗಿದೆಯೆಂದು ವಸಾಹತು ವೈದ್ಯಕ್ಕೆ ತೋಚಲಿಲ್ಲ.

ಮಾರಮ್ಮ ಮತ್ತು ಊರಿನ ಗಡಿ

ಈ ನಾಲ್ಕು ತಾಲ್ಲೂಕುಗಳಲ್ಲಿ ಮಾರಮ್ಮನ ಗುಡಿಯಿಲ್ಲದ ಊರು ವಿರಳ. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಒಗ್ಗರಣೆ ಹಾಕದಿರುವುದು, ಹೊರಗಿನವರು ಒಳಗೆ ಬರದಂತೆ ನೋಡಿಕೊಳ್ಳುವುದು, ರೋಗಿಗೆ ಮಜ್ಜಿಗೆ, ಅಂಬಲಿಯಂತಹ ತಂಪು ಆಹಾರ ಕೊಡುವುದು, ಇಳಿದ ಮೇಲೆ ಬೇವಿನ ನೀರಿನಲ್ಲಿ ಸ್ನಾನ ಮಾಡಿಸುವುದು ಇವೆಲ್ಲ ಆಚರಣೆಯ ಅಂಗಗಳು. ರೋಗಿಯನ್ನು ಇತರರಿಂದ ಬೇರೆಯಿಡುವ ತಿಳಿವಳಿಕೆ ಇದರಲ್ಲಿ ಅಡಗಿದೆಯೆಂದು ಜಾನಪದ ವಿದ್ವಾಂಸರು ಗುರುತಿಸಿದ್ದಾರೆ. ಹಾಗೆಂದು ಆಚರಣೆಯನ್ನು ವಿಜ್ಞಾನವೆಂದು ಸಾಧಿಸಹೊರಡುವುದು ಅತಿರೇಕ. ಬೇವಿನ ಸೊಪ್ಪು ಸಿಡುಬನ್ನು ತಡೆಯಲಿಲ್ಲ. ಸಿಡುಬು ತಗುಲಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಸಾಯುತ್ತಿದ್ದರು. ಉಳಿದವರಲ್ಲಿ ಹಲವರು ಕಣ್ಣು ಕಳೆದುಕೊಂಡರು.

ಆಚರಣೆಯ ಒಳಗಿನಿಂದ ನೋಡಿದಾಗ ಮಾತ್ರ ಲಸಿಕೆ ಎಬ್ಬಿಸಿದ ಸಂಕಟ ಅರ್ಥವಾಗುತ್ತದೆ. ಅಮ್ಮ ಅತಿಥಿಯಾಗಿ ಬಂದವಳು. ಅವಳನ್ನು ಉಪಚರಿಸಿ, ಮುನಿಸಿಕೊಳ್ಳದಂತೆ ಕಳುಹಿಸಿಕೊಡಬೇಕು. ದಾಕು ಹಾಕಿಸುವುದೆಂದರೆ ಬಾರದವಳನ್ನು ಬೇಕೆಂದೇ ಕರೆದಂತೆ, ಇಲ್ಲವೇ ಬರುವವಳಿಗೆ ಬಾಗಿಲು ಮುಚ್ಚಿದಂತೆ. ಉತ್ತರ ಕರ್ನಾಟಕದ ‘ದೇವಿ ಹಾಕುವುದು’ ಎಂಬ ನುಡಿ ಈ ಸಂಕಟಕ್ಕೆ ಜನರೇ ಕಂಡುಕೊಂಡ ಪರಿಹಾರ. ಅಲ್ಲಿ ಲಸಿಕೆ ದೇವಿಯ ಎದುರಾಳಿಯಾಗದೆ ದೇವಿಯ ಚಿಕ್ಕ ರೂಪವಾಯಿತು. ಎಲ್ಲಿಸ್ ಪುರಾಣ ಬರೆದು ಮಾಡಹೊರಟದ್ದನ್ನು ಜನಭಾಷೆ ಒಂದು ಕ್ರಿಯಾಪದದಲ್ಲಿ ಮಾಡಿ ಮುಗಿಸಿತು.

ಮಾರಿಯನ್ನು ಗಡಿ ದಾಟಿಸುವ ಆಚರಣೆಯ ಅರ್ಥ ಇನ್ನೂ ಕಟುವಾದುದು. ಊರಿಗೆ ಬೇನೆ ಬಂದಾಗ ಮಾರಿಯ ಪ್ರತಿಮೆಯನ್ನೋ ಸಂಕೇತವನ್ನೋ ಪೂಜಿಸಿ ಊರ ಎಲ್ಲೆಯಾಚೆಗೆ ಬಿಟ್ಟು ಬರುತ್ತಿದ್ದರು. ಪಕ್ಕದ ಊರಿನವರು ಅದನ್ನು ತಮ್ಮ ಎಲ್ಲೆಯಿಂದ ಮುಂದಿನ ಊರಿನ ಕಡೆಗೆ ಸಾಗಿಸುತ್ತಿದ್ದರು. ನಮ್ಮೂರು ಉಳಿದರೆ ಸಾಕೆಂಬ ಈ ನ್ಯಾಯವನ್ನು ಹಳ್ಳಿಗರ ಸಂಕುಚಿತತೆ ಎನ್ನುವ ಮುನ್ನ ಹತ್ತಿರದ ಕಾಲವನ್ನೂ ನೋಡಬೇಕು. 2020ರ ಅಕ್ಟೋಬರಿನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕ ದೇಶಗಳು ಕೋವಿಡ್ ಲಸಿಕೆ, ಔಷಧಗಳ ಮೇಲಿನ ಸ್ವಾಮ್ಯದ ಹಕ್ಕನ್ನು ತಾತ್ಕಾಲಿಕವಾಗಿ ಸಡಿಲಿಸಬೇಕೆಂದು ವಿಶ್ವ ವ್ಯಾಪಾರ ಸಂಸ್ಥೆಯನ್ನು ಕೇಳಿದವು. ಸೀಮಿತವಾದ ಒಪ್ಪಂದವೊಂದು ಆದದ್ದು 2022ರ ಜೂನಿನಲ್ಲಿ. ಆ ನಡುವೆ ಶ್ರೀಮಂತ ದೇಶಗಳು ತಮ್ಮ ಜನಸಂಖ್ಯೆಗೆ ಬೇಕಾದುದಕ್ಕಿಂತ ಹೆಚ್ಚು ಲಸಿಕೆಯನ್ನು ಮುಂಗಡವಾಗಿ ಕಾದಿರಿಸಿಕೊಂಡಿದ್ದವು. ಮಾರಿಯನ್ನು ಗಡಿಯಾಚೆಗೆ ಬಿಡುವ ನ್ಯಾಯವೇ ಇಲ್ಲಿ ಮದ್ದನ್ನು ಗಡಿಯೊಳಗೆ ಕೂಡಿಡುವ ನ್ಯಾಯವಾಯಿತು.

1898: ರೈಲು, ಪ್ಲೇಗು, ಪಲ್ಪು

ಬೆಂಗಳೂರಿನಿಂದ ಕ್ಲೋಸ್‌ಪೇಟೆ, ಚನ್ನಪಟ್ಟಣಗಳನ್ನು ಹಾದು ಮೈಸೂರಿಗೆ ಹೋಗುವ ರೈಲುಹಾದಿ 1881–82ರ ಹೊತ್ತಿಗೆ ಪೂರ್ಣಗೊಂಡಿತ್ತು. 1898ರ ಆಗಸ್ಟಿನಲ್ಲಿ ಪ್ಲೇಗು ಹುಬ್ಬಳ್ಳಿ, ಧಾರವಾಡಗಳ ಕಡೆಯಿಂದ ರೈಲಿನಲ್ಲೇ ಬೆಂಗಳೂರನ್ನು ಮುಟ್ಟಿ ಸಂಸ್ಥಾನದಲ್ಲೆಲ್ಲ ಹಬ್ಬಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಅಧಿಕಾರಿಗಳಿಗೆ ಅಪಾರ ಅಧಿಕಾರ ಕೊಟ್ಟಿತ್ತು. ಮೈಸೂರಿನ ಕ್ರಮಗಳೂ ಅದೇ ಅಚ್ಚಿನವು. ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಮನೆಮನೆಯ ಶೋಧ, ರೋಗಿಗಳನ್ನು ಶಿಬಿರಗಳಿಗೆ ಎಳೆದೊಯ್ಯುವುದು, ಮನೆಯ ಹೆಂಚು ತೆಗೆಸುವುದು, ಸಾಮಾನು ಸುಡುವುದು ನಡೆದವು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನ ದಂಗೆ ಎದ್ದದ್ದು ಈ ಕ್ರಮಗಳ ವಿರುದ್ಧ.

ವಾಲ್ಡೆಮರ್ ಹಾಫ್ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿ ತನ್ನ ಮೇಲೆಯೇ ಪ್ರಯೋಗಿಸಿಕೊಂಡ ಪ್ಲೇಗು ಲಸಿಕೆ ಜನರನ್ನು ತಲುಪಿದ್ದು ಇಂತಹ ಸನ್ನಿವೇಶದಲ್ಲಿ. ಮನೆ ಶೋಧಿಸಿ, ಹೆಂಗಸರ ಕಂಕುಳನ್ನು ಮುಟ್ಟಿ ನೋಡಿದ ಸರಕಾರದ ಕೈಯಲ್ಲೇ ಸೂಜಿಯೂ ಇತ್ತು. ಚುಚ್ಚಿಸಿಕೊಂಡರೆ ಸಾಯುತ್ತಾರೆ, ಮಕ್ಕಳಾಗುವುದಿಲ್ಲ ಎಂಬ ವದಂತಿಗಳು ದೇಶದ ಹಲವೆಡೆ ಹಬ್ಬಿದವು. ಆದರೆ ಅದೇ 1898ರಲ್ಲಿ ಹುಬ್ಬಳ್ಳಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಲಸಿಕೆ ಹಾಕಿಸಿಕೊಂಡರು. ಒಂದೇ ನಾಡು, ಒಂದೇ ಭಾಷೆ, ಒಂದೇ ಲಸಿಕೆ ಇದ್ದೂ ಒಂದು ಕಡೆ ದಂಗೆ, ಇನ್ನೊಂದು ಕಡೆ ಸಾಲು. ಈ ವ್ಯತ್ಯಾಸವನ್ನು ಜನರ ‘ಸ್ವಭಾವ’ದಿಂದ ವಿವರಿಸಲಾಗದು. ಲಸಿಕೆ ಬಲವಂತದ ಬಾಲವಾಗಿ ಬಂದಿತೋ ಅಥವಾ ಆಯ್ಕೆಯಾಗಿ ಬಂದಿತೋ ಎಂಬುದನ್ನು ನೋಡಬೇಕಾಗುತ್ತದೆ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವನ್ನೂ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನೂ ಓದಿದವರಿಗೆ, ಇಲಿ ಬಿದ್ದೊಡನೆ ಊರೇ ಖಾಲಿಯಾಗುವ, ಹೆಣಕ್ಕೆ ಹೆಗಲು ಸಿಗದ ಆ ದಿನಗಳ ಭೀತಿಯ ಪರಿಚಯವಿದೆ. ಭಯದಲ್ಲಿದ್ದ ಜನ ಮದ್ದನ್ನು ಬೇಡವೆಂದರೆ, ಅದನ್ನು ತಂದವರ ಬಗೆಗೆ ಅದಕ್ಕಿಂತ ದೊಡ್ಡ ಭಯವಿತ್ತೆಂದೇ ತಿಳಿಯಬೇಕು.

ಆಗ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ವೈದ್ಯರಲ್ಲಿ ಡಾ. ಪಿ. ಪಲ್ಪು ಒಬ್ಬರು. 1863ರಲ್ಲಿ ತಿರುವಾಂಕೂರಿನಲ್ಲಿ ಈಳವ ಕುಟುಂಬದಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯಶಿಕ್ಷಣ ಮುಗಿಸಿದ ಅವರಿಗೆ ಜಾತಿಯ ಕಾರಣಕ್ಕೆ ತಮ್ಮದೇ ಸಂಸ್ಥಾನದಲ್ಲಿ ಸರಕಾರಿ ಕೆಲಸ ಸಿಗಲಿಲ್ಲ. ಮೈಸೂರು ಅವರನ್ನು ತೆಗೆದುಕೊಂಡಿತು. ಬೆಂಗಳೂರಿನ ಲಸಿಕೆ ತಯಾರಿಕಾ ಸಂಸ್ಥೆಯ ಹೊಣೆ ಹೊತ್ತು, ಪ್ಲೇಗಿನ ದಿನಗಳಲ್ಲಿ ಬೆಂಗಳೂರಿನಲ್ಲಿ ಜೀವದ ಹಂಗು ತೊರೆದು ದುಡಿದರು. ಇಲ್ಲಿಂದಲೇ ಅವರು 13,176 ಜನರ ಸಹಿಯುಳ್ಳ 1896ರ ಈಳವ ಮನವಿಯನ್ನು ಸಂಘಟಿಸಿದರು. ಶಾಲೆ, ನೌಕರಿಗಳ ಬಾಗಿಲು ತಮ್ಮವರಿಗೂ ತೆರೆಯಲೆಂಬುದು ಆ ಮನವಿಯ ಸಾರ. ಹಳೆಯ ಮೈಸೂರಿನ ಮಕ್ಕಳ ತೋಳಿಗೆ ಹೋದ ದ್ರವವನ್ನು ಸಿದ್ಧಪಡಿಸಿದ ವೈದ್ಯನಿಗೆ ಹುಟ್ಟೂರಿನ ಆಸ್ಪತ್ರೆಯಲ್ಲಿ ಜಾಗವಿರಲಿಲ್ಲ. ಲಸಿಕೆಯ ಅಸಮಾನತೆಯೆಂದರೆ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದಷ್ಟೇ ಆಗದೆ, ಯಾರು ವೈದ್ಯರಾಗಬಲ್ಲರು, ಯಾರ ಕೈಯಿಂದ ಜನ ಮದ್ದು ಪಡೆಯಬಲ್ಲರು ಎಂಬ ಪ್ರಶ್ನೆಯೂ ಆಗಿದೆಯೆಂಬುದನ್ನು ಪಲ್ಪು ಅವರ ಜೀವನ ತೋರಿಸುತ್ತದೆ.

ಆತ್ಮಸಾಕ್ಷಿ ಯಾರಿಗಿದೆ?

ಲಸಿಕಾವಿರೋಧ ಪೌರಸ್ತ್ಯರ ಮೌಢ್ಯವೆಂಬ ಅಭಿಪ್ರಾಯವನ್ನು ಇಂಗ್ಲೆಂಡಿನ ಚರಿತ್ರೆಯೇ ಅಲ್ಲಗಳೆಯುತ್ತದೆ. 1853ರಲ್ಲಿ ಅಲ್ಲಿ ಸಿಡುಬಿನ ಲಸಿಕೆ ಶಿಶುಗಳಿಗೆ ಕಡ್ಡಾಯವಾಯಿತು. ದಂಡ ಕಟ್ಟಲಾಗದ ಕಾರ್ಮಿಕರು ಜೈಲಿಗೆ ಹೋದರು. ಹಣವುಳ್ಳವರು ದಂಡ ಕಟ್ಟಿ ಮನೆಗೆ ಹೋದರು. 1885ರ ಮಾರ್ಚಿನಲ್ಲಿ ಲೆಸ್ಟರ್ ನಗರದಲ್ಲಿ ಕಡ್ಡಾಯದ ವಿರುದ್ಧ ಬೃಹತ್ ಮೆರವಣಿಗೆ ನಡೆಯಿತು. ಕಡೆಗೆ 1898ರ ಕಾಯಿದೆ, ಆತ್ಮಸಾಕ್ಷಿಯ ಕಾರಣಕ್ಕೆ ಮಗುವಿಗೆ ಲಸಿಕೆ ಬೇಡವೆನ್ನುವ ಹಕ್ಕನ್ನು ತಂದೆತಾಯಿಗಳಿಗೆ ಕೊಟ್ಟಿತು. ಗಂಜಾಂನ ಜನ ದಂಗೆಯೆದ್ದ ಕಾಲವೂ ಇದೇ. ಒಂದೇ ಸಾಮ್ರಾಜ್ಯದಲ್ಲಿ ಅಲ್ಲಿನವರ ನಿರಾಕರಣೆ ಆತ್ಮಸಾಕ್ಷಿ ಎನಿಸಿಕೊಂಡಿತು, ಇಲ್ಲಿನವರದು ಅಜ್ಞಾನ ಎನಿಸಿಕೊಂಡಿತು. ಗಾಂಧೀಜಿಯವರೂ ಸಿಡುಬಿನ ಲಸಿಕೆಯನ್ನು ಆರೋಗ್ಯ ಮತ್ತು ಅಹಿಂಸೆಯ ದೃಷ್ಟಿಯಿಂದ ವಿರೋಧಿಸಿದ್ದರು. ಅವರ ನಿಲುವಿನ ಹಿಂದಿನ ಪ್ರಾಮಾಣಿಕತೆ ಪ್ರಶ್ನಾತೀತ. ಆದರೆ ಚರಿತ್ರೆ ಲಸಿಕೆಯ ಪರವಾಗಿ ತೀರ್ಪು ಕೊಟ್ಟಿತು. ವಿರೋಧವನ್ನು ಅರ್ಥಮಾಡಿಕೊಳ್ಳುವುದು ಬೇರೆ, ಸಮರ್ಥಿಸುವುದು ಬೇರೆ. ಸಂಶೋಧಕರು ಈ ಗೆರೆಯನ್ನು ಮರೆಯಬಾರದು.

ಆ ತೀರ್ಪು ಬರಲು ಬಹಳ ಕಾಲ ಹಿಡಿಯಿತು. ದ್ರವರೂಪದ ಲಸಿಕೆ ಬೇಸಗೆಯಲ್ಲಿ ಬೇಗ ಕೆಡುತ್ತಿದ್ದುದರಿಂದ ಚಳಿಗಾಲದ ತಿಂಗಳುಗಳೇ ಲಸಿಕೆಯ ಕಾಲವಾಗಿದ್ದವು. ರೈಲುಹಾದಿಯ ಊರುಗಳಿಗೆ ತಾಜಾ ಆಗಿ ತಲುಪುವ ದ್ರವ, ಗಾಡಿದಾರಿಯೂ ಮುಗಿದ ಮೇಲೆ ಕಾಲುನಡಿಗೆಯಲ್ಲಿ ಸೇರಬೇಕಾದ ಕಾಡಂಚಿನ ಹಾಡಿಗಳನ್ನು ಮುಟ್ಟುವ ವೇಳೆಗೆ ಸತ್ವ ಕಳೆದುಕೊಳ್ಳುವ ಸಂಭವ ಹೆಚ್ಚು. ದಾಕು ಹಾಕಿಸಿಕೊಂಡರೂ ಅಮ್ಮ ಬಂದಳೆಂಬ ಅನುಭವ ಒಂದು ಊರಿನಲ್ಲಿ ಆದರೆ ಮುಂದಿನ ಹತ್ತು ಊರುಗಳು ಅದನ್ನು ನಂಬುವುದಿಲ್ಲ. ಲಭ್ಯತೆಯ ದೋಷ ವಿರೋಧವಾಗಿ ಮಾರ್ಪಡುವ ಕ್ರಮವಿದು. ಬಿಸಿಲಿಗೂ ಕೆಡದ ಒಣಲಸಿಕೆ, ಕವಲು ಸೂಜಿ, ರೋಗ ಕಂಡಲ್ಲಿಗೇ ಹೋಗಿ ಸುತ್ತಲಿನವರಿಗೆ ಲಸಿಕೆ ಹಾಕುವ ಕ್ರಮ ಇವು ಬಂದ ಮೇಲೆ, 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಗುರಿ ಮುಟ್ಟಿತು. 1975ರ ಮೇ ತಿಂಗಳ ನಂತರ ಭಾರತದಲ್ಲಿ ಸಿಡುಬು ಕಾಣಲಿಲ್ಲ. 1980ರಲ್ಲಿ ಅದು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಕೊನೆಯ ವರ್ಷಗಳಲ್ಲಿ ಉತ್ತರ ಭಾರತದ ಕೆಲವೆಡೆ ರಾತ್ರಿ ಮನೆಗೆ ನುಗ್ಗಿ ಬಲವಂತವಾಗಿ ಲಸಿಕೆ ಹಾಕಿದ ಘಟನೆಗಳೂ ನಡೆದವು. ಗೆಲುವು ದೊಡ್ಡದು, ಗೆಲುವಿನ ದಾರಿಯೆಲ್ಲವೂ ಅನುಕರಣೀಯವಲ್ಲ.

ಸ್ಲಾಟಿನ ಕಾಲ

2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನ ಕರ್ನಾಟಕವೂ ಸೇರಿದಂತೆ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಆರಂಭವಾಯಿತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶಾಲೆಗಳಲ್ಲಿ ಚುಚ್ಚುಮದ್ದು ಕೊಡುವಾಗ ವಾಟ್ಸ್ಯಾಪಿನಲ್ಲಿ ಹರಿದ ವದಂತಿಗಳು 1898ರವನ್ನೇ ಹೋಲುತ್ತಿದ್ದವು. ಈ ಸಲ ಅವುಗಳನ್ನು ಹಂಚಿದವರಲ್ಲಿ ನಗರದ ವಿದ್ಯಾವಂತ ತಂದೆತಾಯಿಗಳೂ ಇದ್ದರು.

2021ರ ಜನವರಿ 16ರಂದು ಕೋವಿಡ್ ಲಸಿಕೆ ಆರಂಭವಾಗಿ, ಮೇ 1ರಿಂದ ಹದಿನೆಂಟರಿಂದ ನಲವತ್ತನಾಲ್ಕು ವಯಸ್ಸಿನವರಿಗೂ ಅವಕಾಶವಾಯಿತು. ಆದರೆ ಆ ವಯೋಮಾನದವರಿಗೆ ಆರಂಭದಲ್ಲಿ ಕೋವಿನ್ ಜಾಲತಾಣದಲ್ಲಿ ಕಾದಿರಿಸುವುದೊಂದೇ ದಾರಿ. ಆ ತಾಣ ಕನ್ನಡವನ್ನು ಕಲಿತದ್ದು ಜೂನ್ ತಿಂಗಳಿನಲ್ಲಿ. ಸ್ಲಾಟುಗಳು ತೆರೆದ ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತಿದ್ದವು. ಬೆಂಗಳೂರಿನಲ್ಲಿ ಸ್ಲಾಟು ಸಿಗದವರು ಸುತ್ತಲಿನ ಜಿಲ್ಲೆಗಳ ಕೇಂದ್ರಗಳಲ್ಲಿ ಕಾದಿರಿಸಿ ಕಾರಿನಲ್ಲಿ ಹೋಗಿ ಹಾಕಿಸಿಕೊಂಡು ಬಂದುದು ಆಗ ಎಲ್ಲರ ಬಾಯಲ್ಲಿದ್ದ ಸುದ್ದಿ. ಅವರನ್ನು ದೂಷಿಸುವಂತಿಲ್ಲ, ಜೀವಭಯ ಅವರಿಗೂ ಇತ್ತು. ಆದರೆ ಅದೇ ಊರಿನ ರೇಷ್ಮೆ ನೂಲು ಬಿಚ್ಚುವ ಕೆಲಸಗಾರನಿಗೆ ಸ್ಮಾರ್ಟ್‌ಫೋನು, ಇಂಗ್ಲಿಷು, ಎರಡು ದಿನದ ಕೂಲಿಯನ್ನು ಬಿಡುವ ಸಾಮರ್ಥ್ಯ ಈ ಮೂರೂ ಒಟ್ಟಿಗೆ ಬೇಕಾಗಿತ್ತು. ಚುಚ್ಚಿಸಿಕೊಂಡರೆ ಜ್ವರ ಬರುವುದು ನಿಜ. ಜ್ವರ ಬಂದರೆ ದಿನಗೂಲಿ ಹೋಗುವುದೂ ಅಷ್ಟೇ ನಿಜ. ‘ಈಗ ಬೇಡ’ ಎಂದ ಚನ್ನಪಟ್ಟಣದ ಆಟಿಕೆ ಕೆಲಸಗಾರ ಲಸಿಕೆಯನ್ನು ವಿರೋಧಿಸುತ್ತಿದ್ದನೋ ಅಥವಾ ಲೆಕ್ಕ ಹಾಕುತ್ತಿದ್ದನೋ?

ಖಾಸಗಿ ಆಸ್ಪತ್ರೆಗಳಿಗೆ ಉತ್ಪಾದನೆಯ ಶೇ. 25ರಷ್ಟು ಭಾಗ ಮೀಸಲಾಗಿತ್ತು. 2021ರ ಜೂನಿನಲ್ಲಿ ನಿಗದಿಯಾದ ಗರಿಷ್ಠ ದರ ಕೋವಿಶೀಲ್ಡಿಗೆ 780 ರೂಪಾಯಿ, ಕೋವ್ಯಾಕ್ಸಿನಿಗೆ 1,410 ರೂಪಾಯಿ. ಸುಪ್ರೀಂ ಕೋರ್ಟು 2021ರ ಮೇ 31ರ ಆದೇಶದಲ್ಲಿ ಡಿಜಿಟಲ್ ಕಂದಕದ ಪ್ರಶ್ನೆಯನ್ನು ಎತ್ತಿತು. ಈ ವಯೋಮಾನದವರು ಹಣ ಕೊಡಬೇಕೆಂಬ ನೀತಿ ಮೇಲ್ನೋಟಕ್ಕೆ ಸ್ವೇಚ್ಛೆಯದೂ ಅವಿವೇಚಿತವೂ ಆಗಿದೆಯೆಂಬ ಅಭಿಪ್ರಾಯವನ್ನು ಹೇಳಿತು. ಜೂನ್ 21ರಿಂದ ಕೇಂದ್ರ ಸರಕಾರವೇ ಲಸಿಕೆ ಕೊಂಡು ರಾಜ್ಯಗಳಿಗೆ ಉಚಿತವಾಗಿ ಕೊಡುವ ನೀತಿ ಬಂದಿತು. ಆಶಾ ಕಾರ್ಯಕರ್ತೆಯರು ಪಟ್ಟಿ ಹಿಡಿದು ಮನೆಮನೆಗೆ ಹೋದರು. ಶಾಲೆ, ಅಂಗನವಾಡಿಗಳಲ್ಲಿ ಲಸಿಕೆ ಹಾಕುವ ದಿನಗಳು ಬಂದವು. ‘ಹಿಂಜರಿಕೆ’ ಎಂದು ಪತ್ರಿಕೆಗಳು ಕರೆದುದರಲ್ಲಿ ಬಹುಭಾಗ ಆಗ ಕರಗಿತು. ಕರಗದೆ ಉಳಿದ ಕಡೆ, ಉದಾಹರಣೆಗೆ ಚಾಮರಾಜನಗರದ ಸೋಲಿಗರ ಕೆಲವು ಹಾಡಿಗಳಲ್ಲಿ, ಅವರ ನಡುವಿನವರೇ ಮಾತಾಡಿದ ಮೇಲೆ ಜನ ಒಪ್ಪಿದರು. ಇರುಳಿಗರ ಹಾಡಿಗಳನ್ನೂ ಈ ಬೆಳಕಿನಲ್ಲಿಯೇ ನೋಡಬೇಕು. ದಾರಿ, ಪಡಿತರ ಚೀಟಿ, ಭೂಮಿಯ ಹಕ್ಕುಗಳಿಗಾಗಿ ವರ್ಷಗಟ್ಟಲೆ ಅಲೆದವರ ಬಾಗಿಲಿಗೆ ಸರಕಾರ ಇದ್ದಕ್ಕಿದ್ದಂತೆ ಸೂಜಿ ಹಿಡಿದು ತಾನಾಗಿಯೇ ಬಂದರೆ, ಅನುಮಾನಪಡುವುದು ಅನುಭವ ಕಲಿಸಿದ ವಿವೇಕ.

ಸಂಶೋಧಕರಿಗೆ ಉಳಿದ ಕೆಲಸ

ಲಸಿಕೆ ಬೇಡವೆಂದವರನ್ನೆಲ್ಲ ಒಂದೇ ಗುಂಪಿಗೆ ಸೇರಿಸಿದರೆ ಚರಿತ್ರೆ ತಪ್ಪುತ್ತದೆ. ಮಡಿಯ ಕಾರಣಕ್ಕೆ ಬೇಡವೆಂದವರು, ದೈವಕ್ಕೆ ಅಪಚಾರವೆಂದು ಅಂಜಿದವರು, ಬಲವಂತಕ್ಕೆ ಎದುರು ನಿಂತವರು, ಕೂಲಿಯ ಲೆಕ್ಕ ಹಾಕಿದವರು, ಲಸಿಕೆಯೇ ತಲುಪದೆ ‘ನಿರಾಕರಿಸಿದರು’ ಎಂದು ಬರೆಸಿಕೊಂಡವರು, ಸುಳ್ಳೆಂದು ತಿಳಿದೂ ವದಂತಿ ಹಬ್ಬಿಸಿದವರು ಹೀಗೆ ಆರು ಬಗೆಯವರಾದರೂ ಇದ್ದಾರೆ. ಕೊನೆಯವರನ್ನು ಬಿಟ್ಟರೆ ಉಳಿದ ಐವರಿಗೂ ಉತ್ತರ ಕೊಡುವುದು ಸಾಧ್ಯವಿತ್ತು, ಆ ಉತ್ತರ ಒಬ್ಬೊಬ್ಬರಿಗೆ ಒಂದೊಂದು ಬಗೆಯದು. ರಾಣಿಯ ಚಿತ್ರ, ಕಾಮಧೇನುವಿನ ಕಥೆ, ಪ್ಲೇಗಿನ ಪೊಲೀಸು, ಕೋವಿನ್ ತಾಣ ಇವು ಎಲ್ಲರಿಗೂ ಒಂದೇ ಉತ್ತರ ಸಾಕೆಂದು ನಂಬಿದ ಉಪಾಯಗಳು.

ಕನ್ನಡ ಸಂಶೋಧಕರು ಮಾಡಬಹುದಾದ ತುರ್ತಿನ ಕೆಲಸವೊಂದು ಈ ಸೀಮೆಯಲ್ಲಿದೆ. ರಾಮನಗರದ ಜಾನಪದ ಲೋಕ ಬಿತ್ತುವ ಕೂರಿಗೆಯಿಂದ ತೊಗಲುಗೊಂಬೆಯವರೆಗೆ ಹಳೆಯ ಬದುಕಿನ ವಸ್ತುಗಳನ್ನು ಕಾಪಾಡಿದೆ. ಆದರೆ ದಾಕಿನ ನೆನಪು ವಸ್ತುವಿನಲ್ಲಿರದೆ ಮನುಷ್ಯರ ತೋಳಿನಲ್ಲಿದೆ. ಸಿಡುಬಿನ ಲಸಿಕೆ ನಿಂತದ್ದು 1970ರ ದಶಕದ ಕೊನೆಯ ಹೊತ್ತಿಗೆ. ಬಿಸಿಜಿಯ ಗುರುತಿಗಿಂತ ಅಗಲವಾದ ಆ ಕಲೆಯನ್ನು ಹೊತ್ತ ಕೊನೆಯ ತಲೆಮಾರು ನಮ್ಮದು. ದಾಕು ಹಾಕುವವನು ಬಂದನೆಂದು ಮಕ್ಕಳನ್ನು ಅಟ್ಟದ ಮೇಲೋ ರಾಗಿಹೊಲದೊಳಗೋ ಬಚ್ಚಿಟ್ಟ ತಾಯಂದಿರು ಯಾರು, ತಾವಾಗಿಯೇ ಎತ್ತಿಕೊಂಡು ಹೋದ ತಾಯಂದಿರು ಯಾರು, ಅವನು ಯಾರ ಜಗಲಿಯಲ್ಲಿ ಕೂತು ಯಾವ ಕೇರಿಗೆ ಕಡೆಗೆ ಹೋದ, ಯಾವ ಕೇರಿಗೆ ಹೋಗಲೇ ಇಲ್ಲ ಎಂಬ ಪ್ರಶ್ನೆಗಳಿಗೆ ಮಾಗಡಿ, ಕನಕಪುರಗಳ ಎಂಬತ್ತು ದಾಟಿದ ಅಜ್ಜಿಯರು ಉತ್ತರ ಹೇಳಬಲ್ಲರು. ಮಾರಮ್ಮನ ಪದಗಳನ್ನು ಸಂಗ್ರಹಿಸಲು ಹೋದ ನಮ್ಮ ವಿದ್ಯಾರ್ಥಿಗಳು ಇನ್ನು ಮುಂದೆ ಹಾಡು ಮುಗಿದ ಮೇಲೆ ಈ ಪ್ರಶ್ನೆಗಳನ್ನೂ ಕೇಳಿ ಬರೆದುಕೊಳ್ಳುವುದು ಒಳ್ಳೆಯದು. ಮುಂದಿನ ಸಾಂಕ್ರಾಮಿಕ ಬಂದಾಗ ಯಾವ ಕೇರಿಗೆ ಮೊದಲು ಹೋಗಬೇಕೆಂಬುದನ್ನು ತಿಳಿಯಲು ಆ ಉತ್ತರಗಳು ಬೇಕಾಗುತ್ತವೆ.